ಎರಡನೆಯ ಅಕ್ಷರದ ನಂಟು

ಪದಗಳನ್ನು ಅಕ್ಷರದ ಲೆಕ್ಕ ಹಿಡಿದು ಹೆಕ್ಕುವುದು ಇಂಗ್ಲಿಷ್ ಬಲ್ಲವರಿಗೆ ಪ್ರಿಯವಾದ ಆಟ. ‘ಟೈಪ್‌ರೈಟರ್’ ಎಂಬ ಹತ್ತಕ್ಷರದ ಪದವನ್ನು ಟೈಪ್‌ರೈಟರಿನ ಮೇಲಿನ ಒಂದೇ ಸಾಲಿನ ಕೀಲಿಗಳಿಂದ ಹೊಡೆಯಬಹುದು. ‘ಸ್ಟ್ರೆಂತ್ಸ್’ ಎಂಬುದರಲ್ಲಿ ಒಂಬತ್ತು ಅಕ್ಷರಗಳಿದ್ದರೂ ಸ್ವರಾಕ್ಷರ ಒಂದೇ ಒಂದು. ಹೊತ್ತಲ್ಲದ ಹೊತ್ತಿನಲ್ಲಿ ತಮಾಷೆ ಮಾಡುವವರನ್ನು ಕುರಿತ ‘ಫೆಸೀಷಸ್’ ಎಂಬ ವಿಶೇಷಣದಲ್ಲಿ ಎ, ಇ, ಐ, ಓ, ಯು ಎಂಬ ಐದೂ ಸ್ವರಾಕ್ಷರಗಳು ವರ್ಣಮಾಲೆಯ ಕ್ರಮದಲ್ಲೇ ಒಂದೊಂದು ಸಲ ಬರುತ್ತವೆ. ಉದ್ದುದ್ದ ಪದಗಳನ್ನೂ ಪದಪುಂಜಗಳನ್ನೂ ಹೀಗೆ ಸಮಾನ ಅಕ್ಷರಗಳ ಗುಂಪುಗಳಾಗಿ ವಿಂಗಡಿಸುವವರು, ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಹೊರಡಿಸುವವರು ಇದ್ದಾರೆ. 1939ರಲ್ಲಿ ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬ ಅಮೆರಿಕದ ಲೇಖಕ ‘ಗ್ಯಾಡ್ಸ್‌ಬಿ’ ಎಂಬ ಇಡೀ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ‘ಇ’ ಅಕ್ಷರವಿಲ್ಲದೆ ಬರೆದ. 1969ರಲ್ಲಿ ಜಾರ್ಜ್ ಪೆರೆಕ್ ಫ್ರೆಂಚಿನಲ್ಲೂ ಅದೇ ಅಕ್ಷರವನ್ನು ಬಿಟ್ಟು ಕಾದಂಬರಿ ಬರೆದು ತೋರಿಸಿದ.

ಮೇಲಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಓದಿದವರಿಗೆ ಒಂದು ವಿಚಿತ್ರ ಕಂಡಿರಬೇಕು. ‘ಫೆಸೀಷಸ್’ ಎಂದು ಬರೆದ ಕೂಡಲೇ ಆ ಐದು ಸ್ವರಾಕ್ಷರಗಳ ಚಮತ್ಕಾರ ಮಾಯವಾಗುತ್ತದೆ. ಕನ್ನಡ ಲಿಪಿ ಬರೆದುಕೊಳ್ಳುವುದು ಉಚ್ಚಾರವನ್ನು, ಇಂಗ್ಲಿಷಿನ ಕಾಗುಣಿತವನ್ನಲ್ಲ. ಉಚ್ಚಾರದಲ್ಲಿ ಆ ಪದಕ್ಕೆ ಇರುವುದು ಮೂರೇ ಸ್ವರ. ಅಂದರೆ ಆ ಸೊಗಸು ಕಾಗದದ ಮೇಲೆ ಮಾತ್ರ ಇತ್ತು. ಆ ಪದವನ್ನು ಆಡಿದ ಇಂಗ್ಲಿಷರ ಕಿವಿಗೂ ಅದು ಬಿದ್ದಿರಲಿಲ್ಲ. ಅಕ್ಷರದ ಆಟಗಳಲ್ಲಿ ಎರಡು ಜಾತಿ ಎಂಬುದು ಇಲ್ಲಿಂದ ಹೊಳೆಯುತ್ತದೆ: ಕಣ್ಣಿನ ಆಟ ಒಂದು, ಕಿವಿಯ ಆಟ ಇನ್ನೊಂದು. ಕನ್ನಡದಲ್ಲಿ ಅಕ್ಷರಗಳನ್ನು ಹೊಂದಿಸುವ ಕಟ್ಟುಪಾಡು ಮುಖ್ಯವಾಗಿ ಕಿವಿಯದು. ಅದು ಪಂಡಿತರ ಕಸರತ್ತಾಗಿ ಹುಟ್ಟಿದ್ದಲ್ಲ, ನುಡಿಯ ಜಾಯಮಾನದಿಂದ ಹುಟ್ಟಿದ್ದು. ಅದಕ್ಕೇ ಸಾವಿರ ವರ್ಷ ಬಾಳಿತು. ಕಡ್ಡಾಯವೆಂಬುದು ಹೋದ ಮೇಲೂ ನಮ್ಮ ಗಾದೆಗಳಲ್ಲಿ ಉಳಿದಿದೆ. ಈ ಮಾತಿಗೆ ಬೇಕಾದ ಸಾಕ್ಷ್ಯವನ್ನು ದೂರ ಹೋಗಿ ಹುಡುಕಬೇಕಿಲ್ಲ, ದಾವಣಗೆರೆ ಜಿಲ್ಲೆಯ ತಾಲೂಕುಗಳ ಹೆಸರಿನಿಂದಲೇ ಶುರು ಮಾಡಬಹುದು.

ಹೊನ್ನಾಳಿ, ಚನ್ನಗಿರಿ ಎಂಬ ಎರಡು ಹೆಸರುಗಳನ್ನು ಒಂದಾದ ಮೇಲೊಂದು ಗಟ್ಟಿಯಾಗಿ ಹೇಳಿ ನೋಡಿ. ಮೊದಲ ಅಕ್ಷರಗಳು ಬೇರೆ, ಕೊನೆಯವು ಬೇರೆ, ಅಕ್ಷರಗಳ ಸಂಖ್ಯೆಯೂ ಬೇರೆ. ಆದರೂ ಎರಡಕ್ಕೂ ಏನೋ ನಂಟಿದೆ ಎಂದು ಕಿವಿ ಹೇಳುತ್ತದೆ. ಆ ನಂಟು ಎರಡನೆಯ ಅಕ್ಷರದ್ದು: ಒಂದರಲ್ಲಿ ‘ನ್ನಾ’, ಇನ್ನೊಂದರಲ್ಲಿ ‘ನ್ನ’. ಸ್ವರ ಬೇರೆಯಾದರೂ ವ್ಯಂಜನ ಅದೇ. ಕನ್ನಡ, ಅನ್ನ, ಹೊನ್ನು, ಬೆನ್ನು ಎಲ್ಲವೂ ಇದೇ ಬಳಗದವು. ‘ಹೊನ್ನಾಳಿ ಭತ್ತ, ಚನ್ನಗಿರಿ ಅಡಿಕೆ, ಅನ್ನಕ್ಕೂ ಎಲೆಗೂ ಸಾಕು’ ಎಂದು ಯಾರಾದರೂ ಹೊಸೆದರೆ ಅದು ಕಾವ್ಯವಾಗಲಿಕ್ಕಿಲ್ಲ, ಆದರೆ ಒಮ್ಮೆ ಕೇಳಿದವರ ನೆನಪಿನಲ್ಲಿ ನಿಲ್ಲುತ್ತದೆ. ಸಾಲುಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಈ ಕಟ್ಟಿಗೆ ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎಂದು ಹೆಸರು. ಪತ್ರಿಕೆಯ ಪದಬಂಧ ಬಿಡಿಸುವವರಿಗೆ ಇದರ ವಿಶೇಷ ಬೇಗ ತಿಳಿಯುತ್ತದೆ. ಪದಬಂಧದಲ್ಲಿ ಅಡ್ಡ ಪದವೂ ಉದ್ದ ಪದವೂ ಕೂಡುವ ಮನೆಯಲ್ಲಿ ಗುಣಿತವೂ ಸೇರಿ ಇಡೀ ಅಕ್ಷರ ಒಂದೇ ಆಗಿರಬೇಕು. ಹಾಗಾಗಿ ಹೊನ್ನಾಳಿಯೂ ಚನ್ನಗಿರಿಯೂ ತಮ್ಮ ಎರಡನೆಯ ಅಕ್ಷರದಲ್ಲಿ ಕೂಡಲಾರವು. ಪದ್ಯದಲ್ಲಿ ಅವು ಸಲೀಸಾಗಿ ಕೂಡುತ್ತವೆ. ಒಂದು ಕಣ್ಣಿನ ಲೆಕ್ಕ, ಇನ್ನೊಂದು ಕಿವಿಯ ಲೆಕ್ಕ.

ಈ ಕಿವಿಯ ಲೆಕ್ಕ ಎಷ್ಟು ಹಳೆಯದು? ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಆಸುಪಾಸಿನ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಒಂದು ತ್ರಿಪದಿಯ ಮೂರು ಸಾಲುಗಳಲ್ಲೂ ಎರಡನೆಯ ಅಕ್ಷರ ‘ಧ’ಕಾರ. ಇನ್ನೊಂದರ ಮೂರು ಸಾಲಿನಲ್ಲೂ ‘ಟ್ಟ’. ಮತ್ತೊಂದರಲ್ಲಿ ಒಂದು ಕಡೆ ‘ಳ್ಳ’, ಉಳಿದ ಎರಡು ಕಡೆ ‘ಲ್ಲ’. ಈಗ ಅಲ್ಲಿಂದ ಸುಮಾರು ಸಾವಿರ ವರ್ಷ ಮುಂದೆ, ದಾವಣಗೆರೆ ಜಿಲ್ಲೆಯದೇ ಆದ ಜಗಳೂರಿಗೆ ಬರೋಣ. 17ನೆಯ ಶತಮಾನದ ಮಹಲಿಂಗರಂಗ ಈ ಊರಿನ ಕವಿ. ಅದ್ವೈತವನ್ನು ತಿಳಿಗನ್ನಡದಲ್ಲಿ ಹೇಳುವ ‘ಅನುಭವಾಮೃತ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದವನು. ಕನ್ನಡ ಎಷ್ಟು ಸುಲಭವೆಂದು ಹೇಳಲು ಸುಲಿದ ಬಾಳೆಹಣ್ಣನ್ನೂ ಸಿಗುರು ತೆಗೆದ ಕಬ್ಬನ್ನೂ ಆರಿದ ಹಾಲನ್ನೂ ಹೋಲಿಕೆಗೆ ತಂದ ಅವನ ಪದ್ಯ ಶಾಲೆಗೆ ಹೋದ ಕನ್ನಡಿಗರಲ್ಲಿ ಬಹುಮಂದಿಗೆ ಬಾಯಿಗೆ ಬರುತ್ತದೆ. ಆ ಪದ್ಯದ ಆರು ಸಾಲುಗಳ ಎರಡನೆಯ ಅಕ್ಷರಗಳನ್ನು ಮಾತ್ರ ಬಿಡಿಸಿ ಬರೆದುಕೊಂಡರೆ ವ್ಯಂಜನಗಳು ಹೀಗೆ ನಿಲ್ಲುತ್ತವೆ: ಲ, ಳ, ಳ, ಲ, ಳ, ಳ. ಸಾಲಿನ ಮೊದಲ ಅಕ್ಷರವಂತೂ ಆರೂ ಕಡೆ ಹ್ರಸ್ವ. ಸರಳತೆಯನ್ನು ಹೊಗಳುವ ಪದ್ಯವೇ ಇಷ್ಟು ಬಿಗಿಯಾದ ಅಕ್ಷರದ ಕಟ್ಟಿನಲ್ಲಿದೆ. ಬಾಯಿಪಾಠ ಮಾಡಿದ ಬಹುಮಂದಿಗೆ ಅಲ್ಲೊಂದು ಕಟ್ಟು ಇದೆಯೆಂಬುದೇ ಗಮನಕ್ಕೆ ಬಂದಿರುವುದಿಲ್ಲ. ಬಾದಾಮಿಯ ಕವಿ ಲಕಾರ ಳಕಾರಗಳನ್ನು ಜೋಡಿ ಮಾಡಿದಂತೆಯೇ ಜಗಳೂರಿನ ಕವಿಯೂ ಮಾಡಿದ್ದಾನೆ ಎಂಬುದನ್ನೂ ನೋಡಬೇಕು. ಬರೆಹದಲ್ಲಿ ಇವೆರಡೂ ಬೇರೆ ಬೇರೆ ಅಕ್ಷರ, ಕೇಳ್ಮೆಯಲ್ಲಿ ನೆರೆಹೊರೆ. ಬಾದಾಮಿಯ ಬಂಡೆಗೂ ಜಗಳೂರಿನ ಪದ್ಯಕ್ಕೂ ಒಂದೇ ರಿಯಾಯಿತಿ ಸಿಕ್ಕಿದ್ದರೆ, ಅದನ್ನು ಕೊಟ್ಟದ್ದು ಕಿವಿಯೇ.

ಶಾಸ್ತ್ರಕಾರರು ಬಂದದ್ದು ಇದನ್ನು ಹುಟ್ಟಿಸಲು ಅಲ್ಲ, ವಿವರಿಸಲು. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ಪ್ರಾಸದ ಬಗೆಗಳನ್ನು ಹೇಳುವಾಗ ಒಂದೇ ವರ್ಗದ ವ್ಯಂಜನಗಳು ಕೂಡುವ ವರ್ಗಪ್ರಾಸವನ್ನೂ ಹತ್ತಿರದ ದನಿಗಳು ಕೂಡುವ ಸಮೀಪಪ್ರಾಸವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮುಂದೆ ಛಂದಸ್ಸಿನ ಶಾಸ್ತ್ರದಲ್ಲಿ ಪ್ರಾಸಗಳು ಆರಾಗಿ ಪ್ರಾಣಿಗಳ ಹೆಸರು ಪಡೆದವು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ. ಒತ್ತಕ್ಷರಗಳ ಪಾಲಿಗೆ ಶರಭ ಮತ್ತು ಹಯ. ಶಾಲೆಯಲ್ಲಿ ಈ ಪಟ್ಟಿಯನ್ನು ಉರು ಹೊಡೆದವರಿಗೆ ಇದೊಂದು ಒಣ ವಿಂಗಡಣೆ ಅನ್ನಿಸುವುದು ಸಹಜ. ಆದರೆ ಪಟ್ಟಿಯ ಒಳಗಿನ ತರ್ಕ ಸರಳ: ಪ್ರಾಸಾಕ್ಷರ ಒಂದೇ ಆದರೆ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಆಗಿರಬೇಕು. ಲಘುವಿನ ಎದುರು ಲಘು, ಗುರುವಿನ ಎದುರು ಗುರು. ಹೊನ್ನಾಳಿಯ ‘ಹೊ’, ಚನ್ನಗಿರಿಯ ‘ಚ’ ಎರಡಕ್ಕೂ ಮುಂದಿನ ಒತ್ತಕ್ಷರದಿಂದ ಗುರುತ್ವ ಬಂದಿದೆ, ಹಾಗಾಗಿ ಜೋಡಿ ಸರಿಹೋಯಿತು. ಅದೇ ಜಿಲ್ಲೆಯ ನ್ಯಾಮತಿ, ಜಗಳೂರು ಎಂಬ ತಾಲೂಕುಗಳ ಹೆಸರುಗಳನ್ನು ಜೋಡಿಸಲು ಹೊರಟರೆ ವ್ಯಂಜನವೂ ಬೇರೆ, ತೂಕವೂ ಬೇರೆ. ಒಂದು ದೀರ್ಘದಿಂದ ಶುರುವಾಗುತ್ತದೆ, ಇನ್ನೊಂದು ಲಘುವಿನಿಂದ. ತಾಳ ಹಾಕಿ ಹಾಡುವವನಿಗೆ ಇಂಥ ತೊಡಕು ಶಾಸ್ತ್ರ ಓದದೆಯೂ ಗೊತ್ತಾಗುತ್ತದೆ.

ಇಷ್ಟಕ್ಕೂ ಎರಡನೆಯ ಅಕ್ಷರವೇ ಏಕೆ? ಇಂಗ್ಲಿಷಿನಲ್ಲಿ ಪ್ರಾಸವೆಂದರೆ ಸಾಲಿನ ಕೊನೆಯದು, ನಮಗೇಕೆ ಮೊದಲಿನದು? ಉತ್ತರವಿರುವುದು ಕನ್ನಡ ಪದಗಳ ಮೈಕಟ್ಟಿನಲ್ಲಿ. ನಮ್ಮ ನುಡಿಯಲ್ಲಿ ಅರ್ಥದ ತಿರುಳು ಪದದ ತಲೆಯಲ್ಲಿರುತ್ತದೆ, ವಿಭಕ್ತಿ ಕಾಲ ಲಿಂಗ ವಚನಗಳ ಪ್ರತ್ಯಯಗಳು ಬಾಲದಲ್ಲಿ ಸೇರುತ್ತಾ ಹೋಗುತ್ತವೆ. ‘ಮಾಡಿಸಿಕೊಳ್ಳಬೇಕಾಗಿದ್ದವರಿಗೋಸ್ಕರ’ ಎಂಬಷ್ಟು ಉದ್ದದ ಪದವನ್ನು ಯಾರು ಬೇಕಾದರೂ ಕಟ್ಟಬಹುದು, ಆದ್ದರಿಂದ ಪದದ ಉದ್ದ ನಮ್ಮಲ್ಲಿ ದೊಡ್ಡ ಸಾಧನೆಯಲ್ಲ. ಹಾಗೆಯೇ ಕೊನೆಯ ಪ್ರಾಸವೂ ಅಗ್ಗ: ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ, ಊರಿನಲ್ಲಿ ಎಂದು ಸಾಲು ಮುಗಿಸುತ್ತಾ ಹೋದರೆ ಪ್ರತ್ಯಯವೇ ಪ್ರಾಸ ಒದಗಿಸಿಬಿಡುತ್ತದೆ. ಕಟ್ಟು, ಬಿಟ್ಟು, ಕೆಟ್ಟು, ಮುಟ್ಟು ಇವುಗಳನ್ನು ನೋಡಿದರೆ ಎರಡನೆಯ ಅಕ್ಷರ ಬರುವುದು ಧಾತುವಿನ ಎದೆಯಲ್ಲೇ ಎಂದು ತಿಳಿಯುತ್ತದೆ. ಅಲ್ಲಿ ಪ್ರಾಸ ಇಟ್ಟರೆ ಅರ್ಥವುಳ್ಳ ಭಾಗಗಳೇ ಒಂದಕ್ಕೊಂದು ದನಿಗೂಡುತ್ತವೆ. ತಮಿಳಿನ ‘ಎದುಗೈ’, ತೆಲುಗಿನ ಪ್ರಾಸ ಕೂಡ ಎರಡನೆಯ ಅಕ್ಷರವನ್ನೇ ಹಿಡಿದಿವೆ. ಸಂಸ್ಕೃತ ಕಾವ್ಯದಲ್ಲಿ ಇಂಥ ಕಡ್ಡಾಯವಿಲ್ಲ. ವೃತ್ತಗಳನ್ನು ಸಂಸ್ಕೃತದಿಂದ ತಂದುಕೊಂಡ ಕನ್ನಡ ಕವಿಗಳು ಅವಕ್ಕೂ ಈ ಪ್ರಾಸವನ್ನು ತೊಡಿಸಿದರು. ಆಮದು ಮಾಲಿಗೆ ಮನೆಯ ಮುದ್ರೆ ಬಿದ್ದಂತಾಯಿತು.

ಈ ಮುದ್ರೆಯಿಂದ ಆದ ಉಪಯೋಗ ಅಲಂಕಾರಕ್ಕಷ್ಟೇ ಸೀಮಿತವಲ್ಲ. ಓಲೆಗರಿ ಎಲ್ಲರ ಕೈಗೂ ಸಿಗದ ಕಾಲದಲ್ಲಿ ಕಾವ್ಯ ಬಾಳಿದ್ದು ಗಮಕಿಯ ಕಂಠದಲ್ಲಿ. ಒಂದು ಸಾಲು ಬಾಯಿಗೆ ಬಂದರೆ ಮುಂದಿನ ಸಾಲಿನ ಎರಡನೆಯ ಅಕ್ಷರ ಆಗಲೇ ಗೊತ್ತು, ನೆನಪಿಗೆ ಅದೊಂದು ಹಿಡಿಕೆ. ಇನ್ನು ಶಾಸನಗಳ ಮಾತು. ಹೊನ್ನಾಳಿ, ಚನ್ನಗಿರಿ ಹಿಂದೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ 7ನೆಯ ಸಂಪುಟದಲ್ಲಿ ಈ ಎರಡು ತಾಲೂಕುಗಳ ಶಾಸನಗಳಿವೆ, ಜಗಳೂರಿನವು ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿವೆ. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ದಾನದ ವಿವರ ಗದ್ಯದಲ್ಲಿದ್ದರೆ ವಂಶದ ಹೊಗಳಿಕೆ ಸಾಮಾನ್ಯವಾಗಿ ಕಂದ ವೃತ್ತಗಳಲ್ಲಿರುತ್ತದೆ. ಮಳೆ ಗಾಳಿಗೆ ಕಲ್ಲು ಸವೆದು ಪದ್ಯದ ಸಾಲೊಂದರ ತಲೆ ಅಳಿಸಿಹೋಗಿದ್ದರೆ, ಉಳಿದ ಸಾಲುಗಳ ಪ್ರಾಸ ನೋಡಿ ಅಳಿದ ವ್ಯಂಜನ ಯಾವುದೆಂದು ವಿದ್ವಾಂಸರು ಊಹಿಸಬಲ್ಲರು. ಹಸ್ತಪ್ರತಿಗಳಲ್ಲಿ ಎರಡು ಪಾಠಗಳಿದ್ದಾಗ ಸರಿಯಾದುದನ್ನು ಆರಿಸುವುದಕ್ಕೂ ಪ್ರಾಸ ನೆರವಾಗುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷ್ಯ ‘ೞ’ ಎಂಬ ಹಳೆಯ ಅಕ್ಷರದ್ದು. ಈ ದನಿ ಆಡುಮಾತಿನಲ್ಲಿ ‘ಳ’ಕಾರದೊಡನೆ ಬೆರೆಯತೊಡಗಿದಾಗ ಯಾವ ಪದದಲ್ಲಿ ಯಾವುದು ಎಂಬ ಗೊಂದಲ ಹುಟ್ಟಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳ ಪಟ್ಟಿಯನ್ನೇ ಕೊಟ್ಟ. ಕವಿಗಳು ಇವೆರಡನ್ನು ಪ್ರಾಸದಲ್ಲಿ ಎಲ್ಲಿಯವರೆಗೆ ಬೇರೆ ಇಟ್ಟರು, ಎಲ್ಲಿಂದ ಬೆರೆಸಿದರು ಎಂದು ನೋಡಿದರೆ ಒಂದು ದನಿ ಕಣ್ಮರೆಯಾದ ಚರಿತ್ರೆ ಸಿಗುತ್ತದೆ. ಧ್ವನಿಮುದ್ರಣ ಇಲ್ಲದ ಕಾಲದ ಉಚ್ಚಾರಕ್ಕೆ ಪ್ರಾಸವೇ ದಾಖಲೆ.

ಇದೆಲ್ಲ ಓದುಬಲ್ಲವರ ಸೊತ್ತು ಎಂಬ ಸಂದೇಹವಿದ್ದರೆ ಜನಪದದ ಕಡೆ ತಿರುಗಬೇಕು. ಹೊನ್ನಾಳಿಗೆ ದೂರವಲ್ಲದ ಮಾಸೂರು ಸೀಮೆಯವನೆನ್ನುವ ಸರ್ವಜ್ಞನ ತ್ರಿಪದಿಗಳು ಊರೂರಿನ ಬಾಯಲ್ಲಿವೆ. ತನ್ನ ಹೆಸರನ್ನೇ ಕುರಿತು ಹೇಳುವ ಅವನ ಹೆಸರಾಂತ ತ್ರಿಪದಿಯ ಸಾಲುಗಳು ಎರಡನೆಯ ಅಕ್ಷರದಲ್ಲಿ ‘ರ್ವ’ ಹಿಡಿದು ನಡೆಯುತ್ತವೆ. ಬೀಸುಕಲ್ಲಿನ ಮುಂದೆ ಹಾಡಿದ ಹೆಣ್ಣುಮಕ್ಕಳ ತ್ರಿಪದಿಗಳಲ್ಲೂ ಈ ಪ್ರಾಸ ಪದೇ ಪದೇ ಕೇಳಿಸುತ್ತದೆ. ಅಕ್ಷರ ಬರೆಯಲು ಬಾರದವರು ‘ಎರಡನೆಯ ಅಕ್ಷರ’ವನ್ನು ಹೊಂದಿಸಿದರು ಎಂದರೆ ಅವರು ಹೊಂದಿಸಿದ್ದು ದನಿಯನ್ನೇ ತಾನೆ? ಗಾದೆಗಳಂತೂ ತುಂಬಿಕೊಂಡಿವೆ: ‘ಕೈ ಕೆಸರಾದರೆ ಬಾಯಿ ಮೊಸರು’, ‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು’, ‘ಅತಿ ಆಸೆ ಗತಿ ಕೇಡು’, ‘ಬೆಳೆಯುವ ಸಿರಿ ಮೊಳಕೆಯಲ್ಲಿ’. ಕೆಸರು ಮೊಸರುಗಳಲ್ಲಿ ಸಕಾರ, ಕೋಟಿ ಮೇಟಿಗಳಲ್ಲಿ ಟಕಾರ, ಅತಿ ಗತಿಗಳಲ್ಲಿ ತಕಾರ, ಬೆಳೆ ಮೊಳಕೆಗಳಲ್ಲಿ ಳಕಾರ. ಹಿಂದಿನ ಅಕ್ಷರದ ತೂಕ ಕೂಡ ಪ್ರತಿ ಜೋಡಿಯಲ್ಲಿ ಸಮ. ಯಾವ ಛಂದಶ್ಶಾಸ್ತ್ರಿಯೂ ಇವನ್ನು ತಿದ್ದಿಕೊಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಮ್ಮಲ್ಲೂ ಕಣ್ಣಿನ ಆಟಗಳಿಲ್ಲವೆ? ಪದ್ಯದ ಅಕ್ಷರಗಳನ್ನು ತಾವರೆಯ ಆಕಾರದಲ್ಲಿ, ಚಕ್ರದ ಆಕಾರದಲ್ಲಿ, ಹಾವಿನ ಹೆಣಿಗೆಯಲ್ಲಿ ಕೂರಿಸುವ ಪದ್ಮಬಂಧ, ಚಕ್ರಬಂಧ, ನಾಗಬಂಧಗಳು, ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಗತಪ್ರತ್ಯಾಗತ, ಇವೆಲ್ಲ ಏನು? ಇವೆ, ನಿಜ. ಭಾರವಿ ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲಿ ಹೆಚ್ಚುಕಡಿಮೆ ನಕಾರವೊಂದರಿಂದಲೇ ಶ್ಲೋಕ ಕಟ್ಟಿದ. ಕನ್ನಡದ ಲಾಕ್ಷಣಿಕರೂ ಇಂಥ ಚಿತ್ರಕವಿತ್ವವನ್ನು ವಿವರಿಸಿದ್ದಾರೆ. ಆದರೆ ನಮ್ಮ ಪರಂಪರೆ ಇವುಗಳಿಗೆ ಕೊಟ್ಟ ಸ್ಥಾನ ಯಾವುದು ಎಂಬುದನ್ನು ಮರೆಯಬಾರದು. 9ನೆಯ ಶತಮಾನದ ಆನಂದವರ್ಧನ ಚಿತ್ರವನ್ನು ಕಾವ್ಯದ ಅನುಕರಣೆ ಎಂದು ಬದಿಗಿಟ್ಟ, ಮಮ್ಮಟ ಅದನ್ನು ಕೆಳಗಿನ ದರ್ಜೆಗೆ ಹಾಕಿದ. ಅಷ್ಟೇ ಅಲ್ಲ, ಈ ಕಸರತ್ತುಗಳ ನಡುವೆಯೂ ಕೆಲವು ಬಾಯಿಯನ್ನು, ಕಿವಿಯನ್ನು ನಂಬಿದವು. ನಿರೋಷ್ಠ್ಯ ಅಂಥದ್ದು: ತುಟಿ ಸೇರಿಸಿ ನುಡಿಯಬೇಕಾದ ಪ, ಫ, ಬ, ಭ, ಮ ಬಾರದಂತೆ ಬರೆಯುವುದು. ಬಿಗಿಯಾಗಿ ಪಾಲಿಸುವವರು ತುಟಿ ದುಂಡಗಾಗುವ ಉ, ಒ ಸ್ವರಗಳನ್ನೂ ವಕಾರವನ್ನೂ ಬಿಡುತ್ತಾರೆ. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರವಿಲ್ಲದೆ ಹೇಳುತ್ತಾನೆ, ನಲ್ಲೆ ಕಚ್ಚಿದ ತುಟಿ ನೋಯುತ್ತಿದೆ ಎಂಬುದು ಅದಕ್ಕೆ ಕಾರಣ. ಈ ಕಟ್ಟಳೆಯಿಂದ ನಮ್ಮ ನಾಲ್ಕು ತಾಲೂಕುಗಳನ್ನು ಅಳೆದರೆ ಚನ್ನಗಿರಿಯೊಂದೇ ಗೆಲ್ಲುತ್ತದೆ. ನ್ಯಾಮತಿಯಲ್ಲಿ ತುಟಿ ಮುಚ್ಚುತ್ತದೆ, ಹೊನ್ನಾಳಿ ಜಗಳೂರುಗಳಲ್ಲಿ ದುಂಡಗಾಗುತ್ತದೆ. ಅಮೆರಿಕದ ರೈಟ್ ಟೈಪ್‌ರೈಟರಿನ ‘ಇ’ ಕೀಲಿಯನ್ನು ಕಟ್ಟಿಹಾಕಿ ಬರೆದೆನೆಂದು ಹೇಳಿಕೊಂಡ. ದಂಡಿ ಪಾತ್ರದ ತುಟಿಯನ್ನೇ ಕಟ್ಟಿಹಾಕಿದ. ಎರಡೂ ನಿಷೇಧಗಳೇ, ಆದರೆ ಒಂದು ಯಂತ್ರಕ್ಕೆ, ಇನ್ನೊಂದು ಮೈಗೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಪ್ರಾಸಕ್ಕಾಗಿ ತ್ರಾಸ. ಆರು ಸಾಲಿಗೂ ಒಂದೇ ವ್ಯಂಜನ ಹೊಂದಿಸಲು ಹೋಗಿ ಕವಿಗಳು ಬೇಡದ ಪದ ತುರುಕಿದ್ದು, ಅರ್ಥವನ್ನು ಹಿಗ್ಗಿಸಿದ್ದು ಕುಗ್ಗಿಸಿದ್ದು ಸುಳ್ಳಲ್ಲ. 12ನೆಯ ಶತಮಾನದ ವಚನಕಾರರು ಈ ಕಡ್ಡಾಯದ ಹಂಗಿಲ್ಲದೆ ಬರೆದರು. 1911ರ ಹೊತ್ತಿಗೆ ಮಂಜೇಶ್ವರದ ಗೋವಿಂದ ಪೈ ಪ್ರಾಸವನ್ನು ಬಿಟ್ಟೇ ಬಿಡುವ ನಿರ್ಧಾರ ಮಾಡಿದರು. ಸಂಪ್ರದಾಯಸ್ಥರ ಪ್ರತಿಭಟನೆಯೂ ಬಂತು. ಮುಂದೆ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಲಯಗಳನ್ನೂ ಅಂತ್ಯಪ್ರಾಸವನ್ನೂ ಬಳಕೆಗೆ ತಂದವು, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಎಂಬ ಮಹಾಕಾವ್ಯವನ್ನೇ ಆದಿಪ್ರಾಸದ ಕಟ್ಟಿಲ್ಲದೆ ಬರೆದರು. ಹಾಗಾದರೆ ಪ್ರಾಸ ಸೋತಿತೆ? ಸೋತದ್ದು ಕಡ್ಡಾಯ. ಎಲ್ಲಿ ಬೇಕೋ ಅಲ್ಲಿ ಬರುವ ಪ್ರಾಸಕ್ಕೂ ಎಲ್ಲೆಡೆ ಬರಲೇಬೇಕೆಂಬ ಪ್ರಾಸಕ್ಕೂ ವ್ಯತ್ಯಾಸವಿದೆ. ಪೈಯವರು ಕಳಚಿದ್ದು ಎರಡನೆಯದನ್ನು. ವಚನಗಳನ್ನೇ ಗಟ್ಟಿಯಾಗಿ ಓದಿದರೆ ಮರುಕಳಿಸುವ ದನಿಗಳು ಸಾಲುಸಾಲಿಗೆ ಸಿಗುತ್ತವೆ. ಕಟ್ಟುಪಾಡು ಹೋದ ಮೇಲೂ ದನಿಯ ಬಯಕೆ ಹೋಗಿಲ್ಲ ಎಂಬುದಕ್ಕೆ ಇವತ್ತಿನ ಸಿನಿಮಾ ಹಾಡು, ಜಾಹೀರಾತು, ಚುನಾವಣೆಯ ಘೋಷಣೆಗಳೇ ಸಾಕ್ಷಿ. ಪ್ರಾಸ ಅರ್ಥ ಕೆಡಿಸಿದರೆ ಬೈಯಬೇಕಾದದ್ದು ಕವಿಯ ಬಡತನವನ್ನು. ಜಗಳೂರಿನ ಕವಿಯ ಪದ್ಯದಂತೆ ಕಟ್ಟು ಕಾಣದೆ ಅರ್ಥ ಮಾತ್ರ ಕಾಣುವ ಕಡೆ ಆ ದೂರು ನಿಲ್ಲುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಈ ವಿದ್ಯೆಗೆ ಬೆಲೆಯೇನು ಎಂಬುದು ಕೊನೆಯ ಆಕ್ಷೇಪ. ಸಮಾನ ಅಕ್ಷರದ ಪದಗಳನ್ನು ಯಂತ್ರ ಕ್ಷಣದಲ್ಲಿ ಹೆಕ್ಕಿಕೊಡುತ್ತದಲ್ಲ? ಇಂಗ್ಲಿಷಿನ ಕಾಗುಣಿತದಾಟಕ್ಕೆ ಇದು ನಿಜಕ್ಕೂ ಪೆಟ್ಟು. ತಿಂಗಳುಗಟ್ಟಲೆ ನಿಘಂಟು ತಡಕಿ ಹುಡುಕುತ್ತಿದ್ದುದನ್ನು ಈಗ ಒಂದು ಸಣ್ಣ ಪ್ರೋಗ್ರಾಂ ಮಾಡುತ್ತದೆ. ಕನ್ನಡದಲ್ಲಿ ಮೊದಲ ತೊಡಕು ಅಕ್ಷರವೆಂದರೆ ಏನು ಎಂಬಲ್ಲೇ ಬರುತ್ತದೆ. ಹೊನ್ನಾಳಿ ಎಂಬುದು ನಮ್ಮ ಬಾಯಿಗೆ ಮೂರು ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ ಏಳು, ಯೂನಿಕೋಡಿನ ಲೆಕ್ಕದಲ್ಲಿ ಎಂಟು ಸಂಕೇತ. ವ್ಯಂಜನ, ಗುಣಿತದ ಚಿಹ್ನೆ, ಒತ್ತು ಮೂಡಿಸುವ ಅರ್ಧಚಿಹ್ನೆ ಎಲ್ಲವನ್ನೂ ಯಂತ್ರ ಬೇರೆ ಬೇರೆ ಎಣಿಸುತ್ತದೆ. ಅವನ್ನು ಅಕ್ಷರಗಳಾಗಿ ಕೂಡಿಸಿ, ಲಘುಗುರು ತೂಗಿ, ಲಕಾರ ಳಕಾರಗಳ ನೆರೆಹೊರೆಯನ್ನು ಒಪ್ಪಿಕೊಳ್ಳುವಂತೆ ಅದಕ್ಕೆ ಕಲಿಸಬಹುದು. ಆದರೆ ಹಾಗೆ ಕಲಿಸುವುದೆಂದರೆ ಪ್ರಾಸಶಾಸ್ತ್ರವನ್ನೇ ಕಲಿಸಿದಂತೆ. ಜೊತೆಗೆ, ನಿಷೇಧದಾಟದ ಬೆಲೆ ಇರುವುದು ಉತ್ತರದಲ್ಲಿ ಮಾತ್ರವಲ್ಲ, ಆ ಕ್ಷಣದಲ್ಲೂ ಇದೆ. ಸಭೆಯಲ್ಲಿ ಕೇಳಿದ ಸವಾಲುಗಳಿಗೆ ಆಶುವಾಗಿ ಪದ್ಯ ಕಟ್ಟುವ ಕಲೆಯಾದ ಅವಧಾನದಲ್ಲಿ, ನಿಷೇಧಾಕ್ಷರಿಯ ಸವಾಲು ಹಾಕುವ ಪೃಚ್ಛಕ ಅಕ್ಷರಕ್ಕೊಂದು ಅಡ್ಡಗಾಲು ಹಾಕುತ್ತಾನೆ, ಅವಧಾನಿ ಕಾಗದ ಪೆನ್ನಿಲ್ಲದೆ, ಸಭೆಯ ಎದುರೇ ಬೇರೆ ಅಕ್ಷರ ಹಿಡಿದು ಪದ್ಯ ಮುಂದುವರಿಸಬೇಕು. ಈ ಕಲೆಗೆ ಕನ್ನಡದಲ್ಲಿ ಮರುಜೀವ ಕೊಟ್ಟ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು.

ಹಾಗಾಗಿ ಅಕ್ಷರದ ಆಟಗಳೆಲ್ಲ ಹುಡುಗಾಟವೆಂದು ತಳ್ಳುವುದೂ ತಪ್ಪು, ಕಷ್ಟವಾದದ್ದೆಲ್ಲ ಶ್ರೇಷ್ಠವೆಂದು ಮಣಿಯುವುದೂ ತಪ್ಪು. ಅಳತೆಗೋಲು ಎರಡೇ: ಆ ಹೊಂದಾಣಿಕೆ ಕಿವಿಗೆ ಬೀಳುತ್ತದೆಯೆ? ಬಿದ್ದಾಗ ಅರ್ಥಕ್ಕೆ ಇಂಬಾಗುತ್ತದೆಯೆ? ಮೊದಲನೆಯದಕ್ಕೆ ಇಲ್ಲವೆಂದಾದರೆ ಅದು ಒಗಟು, ಬಿಡುವಿನ ಹೊತ್ತಿಗೆ ಚೆಂದ. ಎರಡಕ್ಕೂ ಹೌದೆಂದಾದರೆ ಅದು ನುಡಿಯ ಆಸ್ತಿ. ಶಾಲೆಯಲ್ಲಿ ಸಿಂಹ ಗಜ ವೃಷಭಗಳ ಪಟ್ಟಿ ಒಪ್ಪಿಸಲು ಹೇಳುವ ಮೊದಲು ಮಕ್ಕಳಿಗೆ ನಾಲ್ಕು ಗಾದೆ, ಎರಡು ತ್ರಿಪದಿ ಗಟ್ಟಿಯಾಗಿ ಹೇಳಿಸಿ, ಒಂದೇ ದನಿ ಎಲ್ಲೆಲ್ಲಿ ಬಂತು ಎಂದು ಕೇಳಿದರೆ ಸಾಕು. ಎರಡನೆಯ ಅಕ್ಷರವನ್ನು ಅವರೇ ಹಿಡಿಯುತ್ತಾರೆ. ಪ್ರಾಣಿಗಳ ಹೆಸರು ಆಮೇಲೆ ಕಲಿತರಾಯಿತು.